ಕಾಳ್ಗಿಚ್ಚಿನ ಹೊಗೆ ಬಂದಾಗ ಮನೆಯ ಗಾಳಿ: ಕಿಟಕಿ ಮುಚ್ಚಿದ ಮೇಲಿನ ಕೆಲಸ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕಡೆ ಇರುವವರು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕಾಳ್ಗಿಚ್ಚಿನ ಹೊಗೆ ಯಾವಾಗ ಬರುತ್ತದೋ ಹೇಳಲಾಗದು. ನಮ್ಮ ಕನ್ನಡ ಕೂಟದ ಎಷ್ಟೋ ಮನೆಗಳಲ್ಲಿ ಅದೇ ಹೊತ್ತಿಗೆ ಊರಿನಿಂದ ಬಂದ ಅಪ್ಪ ಅಮ್ಮ ಇರುತ್ತಾರೆ. ಕೆಲವರಿಗೆ ಉಬ್ಬಸ ಇದೆ, ಎರಡು ಮನೆಗಳಲ್ಲಿ ಬಾಣಂತಿಯರಿದ್ದಾರೆ. ಕಿಟಕಿ ಬಾಗಿಲು ಮುಚ್ಚಿದರೂ ಒಳಗೆ ಹೊಗೆ ವಾಸನೆ ನಿಲ್ಲುವುದಿಲ್ಲ. ಕೂಟದಿಂದ ಹತ್ತು ಹದಿನೈದು ಫ್ಯಾನ್-ಫಿಲ್ಟರ್ ಪೆಟ್ಟಿಗೆ ಮಾಡಿ ಹಂಚಬೇಕು, ಗಣೇಶನ ಹಬ್ಬಕ್ಕೆ ಬಾಡಿಗೆಗೆ ಹಿಡಿಯುವ ಹಾಲ್‌ನಲ್ಲೂ ಏನಾದರೂ ಏರ್ಪಾಡು ಮಾಡಬೇಕು ಎಂದುಕೊಂಡಿದ್ದೇವೆ. ಎಲ್ಲಿಂದ ಶುರು ಮಾಡೋಣ?

ಉತ್ತರ: ಕಿಟಕಿ ಮುಚ್ಚಿದ ಮೇಲೂ ವಾಸನೆ ನಿಲ್ಲುವುದಿಲ್ಲ ಎಂದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡೋಣ. ಮರದ ಚೌಕಟ್ಟಿನ ಮೇಲೆ ಕಟ್ಟಿದ ಅಲ್ಲಿನ ಮನೆಗಳು ಚಿಲಕ ಹಾಕಿದರೂ ಉಸಿರಾಡುತ್ತಲೇ ಇರುತ್ತವೆ. ಕಿಟಕಿಯ ಅಂಚು, ಬಾಗಿಲಿನ ಅಡಿ, ಪ್ಲಗ್ ಪಾಯಿಂಟುಗಳ ಹಿಂದಿನ ತೂತು, ಅಟ್ಟಕ್ಕೆ ಹತ್ತುವ ಮುಚ್ಚಳ, ಬಚ್ಚಲಿನ ಎಗ್ಸಾಸ್ಟ್ ಫ್ಯಾನಿನ ಕೊಳವೆ, ಹೀಗೆ ನೂರು ಕಡೆಯಿಂದ ಗಾಳಿ ಒಳಹೊರಗೆ ಓಡಾಡುತ್ತದೆ. ಎಲ್ಲ ಮುಚ್ಚಿದ ಸಾಧಾರಣ ಮನೆಯಲ್ಲಿ ಒಳಗಿನ ಗಾಳಿಯ ಅರ್ಧದಷ್ಟು ಗಂಟೆಗೊಮ್ಮೆ ಬದಲಾಗುತ್ತದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಹಳೆಯ ಮನೆಯಾದರೆ ಇನ್ನೂ ಹೆಚ್ಚು.

ಈಗ ಹೊರಗೆ ಒಂದು ಘನ ಮೀಟರ್ ಗಾಳಿಯಲ್ಲಿ 200 ಮೈಕ್ರೋಗ್ರಾಂ ಹೊಗೆಯ ಕಣ ಇದೆ ಎನ್ನಿ. ಸಂದುಗಳಲ್ಲಿ ನುಸುಳುವಾಗ ಸ್ವಲ್ಪ ಅಂಟಿಕೊಳ್ಳುತ್ತದೆ, ಒಳಗೆ ಬಂದದ್ದರಲ್ಲಿ ಸ್ವಲ್ಪ ನೆಲ ಗೋಡೆಗಳ ಮೇಲೆ ಕೂರುತ್ತದೆ. ಆದರೂ ಏನೂ ಮಾಡದ ಮನೆಯೊಳಗೆ ಕೆಲವು ಗಂಟೆಗಳಲ್ಲಿ 110ರ ಆಸುಪಾಸು ನಿಲ್ಲುತ್ತದೆ. ಅದೇ ಮನೆಯ ಒಂದು ಕೋಣೆಯಲ್ಲಿ ಗಂಟೆಗೆ ಐದು ಸಲ ಪೂರ್ತಿ ಗಾಳಿಯನ್ನು ಫಿಲ್ಟರ್ ಮೂಲಕ ಹಾಯಿಸಿದರೆ ಅದು 15ರ ಹತ್ತಿರ ಇಳಿಯುತ್ತದೆ. ಸೋರುವ ದೋಣಿಯಲ್ಲಿ ನೀರು ಮೊಗೆಯುವ ಲೆಕ್ಕ ಇದು: ಎಷ್ಟು ಒಳಬರುತ್ತದೆ, ಎಷ್ಟು ಬೇಗ ಮೊಗೆಯುತ್ತೀರಿ. ಕಿಟಕಿ ಮುಚ್ಚುವುದರಿಂದ ಸೋರಿಕೆ ಕಡಿಮೆಯಾಗುತ್ತದೆ ಅಷ್ಟೆ. ಮೊಗೆಯುವ ಕೆಲಸ ಯಾರೂ ಮಾಡದಿದ್ದರೆ ದೋಣಿ ನಿಧಾನವಾಗಿ ತುಂಬಿಕೊಳ್ಳುತ್ತದೆ. ಮುಂದೆ ಹೇಳುವುದೆಲ್ಲ ಈ ಎರಡು ಸಂಖ್ಯೆಗಳ ಸುತ್ತಲೇ.

ಕಣಗಳ ಗಾತ್ರದ ಬಗ್ಗೆ ಒಂದು ಮಾತು. ತಲೆಕೂದಲು 50ರಿಂದ 70 ಮೈಕ್ರಾನ್ ದಪ್ಪ. ಕಾಳ್ಗಿಚ್ಚಿನ ಹೊಗೆಯ ಕಣಗಳಲ್ಲಿ ಬಹುಪಾಲು ಒಂದು ಮೈಕ್ರಾನ್‌ಗಿಂತ ಚಿಕ್ಕವು. ಅವು ಧೂಳಿನಂತೆ ಬೇಗ ಕೆಳಗೆ ಕೂರುವುದಿಲ್ಲ, ಗಂಟೆಗಟ್ಟಲೆ ತೇಲುತ್ತವೆ, ಶ್ವಾಸಕೋಶದ ಕೊನೆಯ ಗೂಡಿನವರೆಗೂ ಹೋಗುತ್ತವೆ. ಬಾಗಿಲಿಗೆ ಒದ್ದೆ ಸೀರೆ ನೇತುಹಾಕುವುದು ಇದಕ್ಕೆ ಮದ್ದಲ್ಲ; ಬಟ್ಟೆಯ ಎಳೆಗಳ ನಡುವಿನ ತೂತು ಈ ಕಣಗಳಿಗೆ ಹೆಬ್ಬಾಗಿಲು. ಬಾಗಿಲ ಅಡಿಯ ಸಂದಿಗೆ ಸುತ್ತಿದ ಟವೆಲ್ ಒತ್ತುವುದು ಬೇರೆ ಮಾತು, ಅದು ಗಾಳಿಯನ್ನೇ ತಡೆಯುತ್ತದೆ.

ಮೊದಲ ನಿರ್ಧಾರ: ಇಡೀ ಮನೆಯನ್ನು ಕಾಪಾಡಲು ಹೋಗಬೇಡಿ. ಒಂದು ಕೋಣೆ ಆರಿಸಿ. ಹಿರಿಯರು, ಮಗು, ಬಾಣಂತಿ ದಿನದ ಹೆಚ್ಚು ಹೊತ್ತು ಇರುವ, ರಾತ್ರಿ ಮಲಗುವ ಕೋಣೆ. ಕಿಟಕಿ ಕಡಿಮೆ ಇದ್ದು, ಅಡುಗೆಮನೆಯಿಂದ ದೂರ ಇದ್ದರೆ ಒಳ್ಳೆಯದು. ಕಿಟಕಿಯ ಅಂಚಿಗೆ ಗೋಡೆಯ ಬಣ್ಣ ಕೀಳದ ಪೇಂಟರ್ಸ್ ಟೇಪ್ ಹಚ್ಚಿ. ತುರ್ತಿನಲ್ಲಿ ಹೊರಹೋಗಬೇಕಾದ ಕಿಟಕಿಯನ್ನು ಮೊಳೆ ಹೊಡೆದು ಮುಚ್ಚಬೇಡಿ. ಬಾಗಿಲು ಮುಚ್ಚಿರಲಿ. ಕೋಣೆಗೆ ಹೊಂದಿದ ಬಚ್ಚಲಿದ್ದರೆ ಅದರ ಎಗ್ಸಾಸ್ಟ್ ಫ್ಯಾನ್ ಸ್ನಾನವಾದ ಮೇಲೆ ಐದು ನಿಮಿಷಕ್ಕಿಂತ ಹೆಚ್ಚು ಓಡಬಾರದು. ಆ ಫ್ಯಾನ್ ಎಷ್ಟು ಗಾಳಿ ಹೊರಗೆ ನೂಕುತ್ತದೋ ಅಷ್ಟೇ ಹೊಗೆಗಾಳಿ ಸಂದುಗಳಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಇದನ್ನು ಹೇಳಿದರೂ ಬಹಳ ಜನ ಮರೆಯುತ್ತಾರೆ, ರಾತ್ರಿಯಿಡೀ ಫ್ಯಾನ್ ತಿರುಗುತ್ತಿರುತ್ತದೆ.

ಕೊಳ್ಳುವ ಯಂತ್ರ

ಅಂಗಡಿಯ ಏರ್ ಪ್ಯೂರಿಫೈಯರ್ ಕೊಳ್ಳುವವರು ಪೆಟ್ಟಿಗೆಯ ಮೇಲೆ ನೋಡಬೇಕಾದದ್ದು ಒಂದೇ ಸಂಖ್ಯೆ: ನಿಮಿಷಕ್ಕೆ ಎಷ್ಟು ಘನ ಅಡಿ ಶುದ್ಧ ಗಾಳಿ ಕೊಡುತ್ತದೆ ಎಂಬ ಸಿಎಡಿಆರ್. ಹೊಗೆ, ಧೂಳು, ಪರಾಗ ಎಂದು ಮೂರು ಸಂಖ್ಯೆ ಇರುತ್ತವೆ, ಹೊಗೆಯದನ್ನೇ ತೆಗೆದುಕೊಳ್ಳಿ. ಸಾಧಾರಣ ದಿನಗಳಿಗೆ ಅದು ಕೋಣೆಯ ಚದರಡಿಯ ಮೂರರಲ್ಲಿ ಎರಡು ಭಾಗ ಇದ್ದರೆ ಸಾಕು. ಕಾಳ್ಗಿಚ್ಚಿನ ಹೊಗೆಗೆ ಪೂರ್ತಿ ಚದರಡಿಯಷ್ಟೇ ಇರಬೇಕು. 12 ಅಡಿಗೆ 14 ಅಡಿ ಕೋಣೆ ಎಂದರೆ 168 ಚದರಡಿ, ಹಾಗಾಗಿ ಸಿಎಡಿಆರ್ 168 ಅಥವಾ ಮೇಲೆ. ಎಂಟು ಅಡಿ ಎತ್ತರದ ಚಾವಣಿಗೆ ಇದು ಗಂಟೆಗೆ ಏಳೂವರೆ ಸಲ ಗಾಳಿ ತೊಳೆದಂತೆ. ಚಾವಣಿ ಎತ್ತರವಿದ್ದರೆ ಅದೇ ಅನುಪಾತದಲ್ಲಿ ಹೆಚ್ಚಿಸಿ.

ಆ ಸಂಖ್ಯೆ ಅತಿ ಹೆಚ್ಚು ವೇಗದಲ್ಲಿ ಅಳೆದದ್ದು. ರಾತ್ರಿ ಸದ್ದು ತಡೆಯದೆ ಯಂತ್ರವನ್ನು ಸ್ಲೀಪ್ ಎಂಬ ಗುಂಡಿಗೆ ಇಳಿಸಿದರೆ ಕೆಲಸ ಕಾಲು ಭಾಗಕ್ಕೆ ಬೀಳಬಹುದು. ಅದಕ್ಕೇ ಕೋಣೆಗೆ ಬೇಕಾದುದಕ್ಕಿಂತ ಒಂದು ಮೆಟ್ಟಿಲು ದೊಡ್ಡದನ್ನು ಕೊಂಡು ನಡುವಿನ ವೇಗದಲ್ಲಿ ಓಡಿಸುವುದು ಜಾಣತನ.

ಓಜೋನ್, ಅಯಾನು, ಪ್ಲಾಸ್ಮಾ ಎಂದು ಹೊಗಳಿಕೊಳ್ಳುವ ಯಂತ್ರಗಳ ತಂಟೆ ಬೇಡ. ಓಜೋನ್ ತಾನೇ ಶ್ವಾಸನಾಳಕ್ಕೆ ಉರಿ ತರುವ ಅನಿಲ. ಕ್ಯಾಲಿಫೋರ್ನಿಯಾದಲ್ಲಿ ಮಾರುವ ಏರ್ ಪ್ಯೂರಿಫೈಯರ್ ಹೊರಸೂಸುವ ಓಜೋನ್ 0.050 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 0.050 ಭಾಗ) ಮೀರಬಾರದೆಂದು ಅಲ್ಲಿನ ವಾಯು ಮಂಡಳಿಯಾದ ಏರ್ ರಿಸೋರ್ಸಸ್ ಬೋರ್ಡಿನ ನಿಯಮ ಇದೆ. ಒಪ್ಪಿಗೆ ಪಡೆದ ಮಾದರಿಗಳ ಪಟ್ಟಿಯನ್ನು ಮಂಡಳಿ ಪ್ರಕಟಿಸುತ್ತದೆ, ಅದರಲ್ಲಿ ನೋಡಿ ಕೊಳ್ಳಿ. ಇನ್ನು ವಾಸನೆಯ ವಿಚಾರ. ಹೆಪಾ ಎಂಬ ಅತಿ ಸೂಕ್ಷ್ಮ ಫಿಲ್ಟರ್ ಕಣ ಹಿಡಿಯುತ್ತದೆ, ಅನಿಲವನ್ನಲ್ಲ. ಅನಿಲ ಹಿಡಿಯಲು ಇದ್ದಿಲು ಬೇಕು, ಅದೂ ಕಿಲೋ ಲೆಕ್ಕದಲ್ಲಿ. ಅಗ್ಗದ ಯಂತ್ರಗಳಲ್ಲಿ ಕಪ್ಪು ಬಟ್ಟೆಯಂತೆ ಅಂಟಿಸಿರುವ ಇದ್ದಿಲ ಪದರ ದಟ್ಟ ಹೊಗೆಯಲ್ಲಿ ಬೇಗ ತುಂಬಿಹೋಗುತ್ತದೆ. ಹಾಗಾಗಿ ವಾಸನೆ ಉಳಿದಿದೆ ಎಂದ ಮಾತ್ರಕ್ಕೆ ಯಂತ್ರ ಕೆಟ್ಟಿದೆ ಎನ್ನಬೇಡಿ. ವಾಸನೆ ಹೋಯಿತು ಎಂದು ಕಣ ಹೋದವು ಎಂದೂ ತಿಳಿಯಬೇಡಿ.

ನೀವೇ ಮಾಡುವ ಪೆಟ್ಟಿಗೆ

ಕೂಟದ ಕೆಲಸಕ್ಕೆ ಇದೇ ಸರಿ. ಎಂಜಿನಿಯರ್ ರಿಚರ್ಡ್ ಕೋರ್ಸಿ ಮತ್ತು ಟೆಕ್ಸಾಸಿನಲ್ಲಿ ಫಿಲ್ಟರ್ ಉದ್ಯಮ ನಡೆಸುತ್ತಿದ್ದ ಜಿಮ್ ರೋಸೆಂತಾಲ್ 2020ರಲ್ಲಿ ರೂಪಿಸಿದ್ದರಿಂದ ಇದಕ್ಕೆ ಕೋರ್ಸಿ-ರೋಸೆಂತಾಲ್ ಪೆಟ್ಟಿಗೆ ಎಂಬ ಹೆಸರು ಬಂತು. ಆಗ ಇದ್ದದ್ದು ಕೋವಿಡ್ ಚಿಂತೆ, ಆದರೆ ಹೊಗೆಗೂ ಅಷ್ಟೇ ಸಲ್ಲುತ್ತದೆ. ನಿಮ್ಮ ಪಕ್ಕದ ಡೇವಿಸ್‌ನ ವಿಶ್ವವಿದ್ಯಾಲಯದಲ್ಲೇ ಇದನ್ನು ಅಳೆದಿದ್ದಾರೆ. ಫ್ಯಾನಿನ ವೇಗಕ್ಕೆ ತಕ್ಕಂತೆ ನಿಮಿಷಕ್ಕೆ 600ರಿಂದ 850 ಘನ ಅಡಿ ಶುದ್ಧ ಗಾಳಿ ಬಂತು. ನಿಮ್ಮ ಲೆಕ್ಕಕ್ಕೆ ನಾನು 400 ಎಂದೇ ಹಿಡಿಯಲು ಹೇಳುತ್ತೇನೆ. ಫ್ಯಾನ್ ಫ್ಯಾನಿಗೂ ವ್ಯತ್ಯಾಸ ಇರುತ್ತದೆ, ಹೊಗೆಯ ಕಣ ಧೂಳಿಗಿಂತ ಸಣ್ಣದು, ಮನೆಯವರು ಕಡಿಮೆ ವೇಗದಲ್ಲೇ ಇಡುತ್ತಾರೆ. 400 ಆದರೂ 400 ಚದರಡಿಯ ನಡುಮನೆಗೆ ಸಾಕು.

ಬೇಕಾದದ್ದು: 20 ಇಂಚಿನ ಚೌಕದ ಬಾಕ್ಸ್ ಫ್ಯಾನ್ ಒಂದು, 20 ಇಂಚು ಉದ್ದ 20 ಇಂಚು ಅಗಲ 2 ಇಂಚು ದಪ್ಪದ ಮರ್ವ್ 13 ಫಿಲ್ಟರ್ ನಾಲ್ಕು (ಮರ್ವ್ ಎಂದರೆ ಸಣ್ಣ ಕಣ ಹಿಡಿಯುವ ಶಕ್ತಿಯ ದರ್ಜೆ, ಅಂಕಿ ಹೆಚ್ಚಿದಷ್ಟೂ ಹೆಚ್ಚು ಹಿಡಿಯುತ್ತದೆ), ಎರಡು ಇಂಚು ಅಗಲದ ಡಕ್ಟ್ ಟೇಪ್ ಒಂದು ಸುರುಳಿ, ಫ್ಯಾನ್ ಬಂದ ರಟ್ಟಿನ ಡಬ್ಬಿ, ಕತ್ತರಿ. ಒಂದು ಇಂಚು ದಪ್ಪದ ಫಿಲ್ಟರಿನಲ್ಲೂ ಆಗುತ್ತದೆ, ಆದರೆ ಮಡಿಕೆಗಳು ಕಡಿಮೆ ಇರುವುದರಿಂದ ಗಾಳಿಗೆ ಅಡ್ಡಿ ಹೆಚ್ಚು, ಬೇಗ ತುಂಬುತ್ತದೆ. ನಾಲ್ಕೂ ಒಂದೇ ಕಂಪನಿಯವು ಇರಲಿ. 20 ಇಂಚು ಎಂದು ಬರೆದದ್ದು ನಿಜವಾಗಿ 19½ರ ಸುತ್ತ ಇರುತ್ತದೆ, ಕಂಪನಿ ಬೆರೆಸಿದರೆ ಮೂಲೆಗಳು ಕೂಡುವುದಿಲ್ಲ. ಕೆಲವು ಡಬ್ಬಿಗಳ ಮೇಲೆ ಮರ್ವ್ ಬದಲು ಬೇರೆ ಅಂಕಿ ದೊಡ್ಡದಾಗಿ ಇರುತ್ತದೆ: ಫಿಲ್ಟ್ರೀಟ್ ಬ್ರ್ಯಾಂಡಿನ ಎಂಪಿಆರ್ 1900, ಹೋಮ್ ಡಿಪೋ ಅಂಗಡಿಯ ಎಫ್‌ಪಿಆರ್ 10, ಇವೆರಡೂ ಮರ್ವ್ 13ಕ್ಕೆ ಸಮ. ಎಂಪಿಆರ್ 1500 ಒಂದು ಮೆಟ್ಟಿಲು ಕೆಳಗೆ. ಮರ್ವ್ 8 ಕೊಂಡರೆ ಧೂಳು ಹಿಡಿಯುತ್ತದೆ, ಹೊಗೆ ಹಾಯಾಗಿ ದಾಟಿಹೋಗುತ್ತದೆ.

ಮರ್ವ್ 13 ಕೂಡ 0.3ರಿಂದ 1 ಮೈಕ್ರಾನ್ ಕಣಗಳಲ್ಲಿ ಒಂದು ಸಲಕ್ಕೆ ಕನಿಷ್ಠ ಅರ್ಧ ಹಿಡಿಯಬೇಕೆಂಬುದಷ್ಟೇ ಮಾನಕ, ಹೆಪಾ 99.97% ಹಿಡಿಯುತ್ತದೆ. ಹಾಗಾದರೆ ಹೆಪಾ ಏಕೆ ಬೇಡ ಎಂದು ಕೂಟದಲ್ಲಿ ಯಾರಾದರೂ ಕೇಳುತ್ತಾರೆ. ಬಾಕ್ಸ್ ಫ್ಯಾನಿಗೆ ಹೆಪಾ ಕಟ್ಟಿದರೆ ಅದರ ಬಲ ಸಾಲದು, ಗಾಳಿ ಹರಿಯುವುದೇ ಇಲ್ಲ. ಅರ್ಧವನ್ನೇ ಹಿಡಿದರೂ ಅದೇ ಗಾಳಿ ಗಂಟೆಗೆ ಹತ್ತಾರು ಸಲ ಹಾದುಹೋಗುವಾಗ ಕೋಣೆ ಬೇಗ ತಿಳಿಯಾಗುತ್ತದೆ.

ಕಟ್ಟುವ ಬಗೆ ಹೀಗೆ. ಫಿಲ್ಟರಿನ ಅಂಚಿನಲ್ಲಿ ಬಾಣದ ಗುರುತು ಇರುತ್ತದೆ. ನಾಲ್ಕನ್ನೂ ಬಾಣ ಒಳಮುಖವಾಗಿ ನಿಲ್ಲಿಸಿ ಚೌಕ ಮಾಡಿ, ಒಂದರ ಅಂಚು ಪಕ್ಕದ್ದರ ಮುಖಕ್ಕೆ ತಾಗುವಂತೆ, ಗಿರಗಿಟ್ಲೆಯ ರೆಕ್ಕೆಗಳ ಹಾಗೆ. ಹೀಗೆ ಇಟ್ಟರೆ ಮೂಲೆಯಲ್ಲಿ ಸಂದು ಬೀಳುವುದಿಲ್ಲ. ಮೇಲಿನಿಂದ ಕೆಳಗಿನವರೆಗೆ ನಾಲ್ಕೂ ಮೂಲೆಗೆ ಟೇಪ್ ಹಚ್ಚಿ, ಬೆರಳಿನಿಂದ ಉಜ್ಜಿ. ಡಬ್ಬಿಯ ರಟ್ಟನ್ನು ತಳದ ಅಳತೆಗೆ ಕತ್ತರಿಸಿ ಅಡಿಗೆ ಕೂರಿಸಿ, ಸುತ್ತ ಟೇಪ್. ಮೇಲೆ ಫ್ಯಾನ್ ಮಲಗಿಸಿ. ಅದು ಗಾಳಿಯನ್ನು ಮೇಲಕ್ಕೆ, ಪೆಟ್ಟಿಗೆಯಿಂದ ಹೊರಕ್ಕೆ ಊದಬೇಕು. ಬಾಣ ತಿರುಗುಮುರುಗಾದರೆ ಮಡಿಕೆಗಳಿಗೆ ಆನಿಕೆಯಾಗಿ ಕೊಟ್ಟ ತಂತಿ ತಪ್ಪು ಕಡೆ ಬರುತ್ತದೆ, ಕಾಗದ ಉಬ್ಬಿ ಕುಸಿಯುತ್ತದೆ. ಫ್ಯಾನ್ ತಲೆಕೆಳಗಾದರೆ ಪೆಟ್ಟಿಗೆಯೊಳಕ್ಕೆ ಊದುತ್ತದೆ, ಟೇಪ್ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಫ್ಯಾನ್ ಕೂರಿಸುವ ಮೊದಲು ಒಮ್ಮೆ ಓಡಿಸಿ ಕೈಯೊಡ್ಡಿ ನೋಡಿ. ಮೊದಲ ಬಾರಿ ಮಾಡುವವರಲ್ಲಿ ಅತಿ ಸಾಮಾನ್ಯ ತಪ್ಪು ಇದೇ. ಫ್ಯಾನಿನ ಅಂಚು ಮತ್ತು ಫಿಲ್ಟರ್ ಸೇರುವಲ್ಲಿ ನಾಲ್ಕೂ ಕಡೆ ಟೇಪ್. ಗುಂಡಿ ತಿರುಗುವ ಜಾಗ ಬಿಡಿ, ವೈರು ಹೊರಬರುವಲ್ಲಿ ಸಂದು ಬಿಡಬೇಡಿ.

ಆಮೇಲೆ ಬರುವುದು ಎಲ್ಲರೂ ಬಿಟ್ಟುಬಿಡುವ ಕೆಲಸ. ಚೌಕದ ಫ್ಯಾನಿನಲ್ಲಿ ರೆಕ್ಕೆ ತಿರುಗುವುದು ವೃತ್ತದಲ್ಲಿ. ನಾಲ್ಕು ಮೂಲೆಗಳಲ್ಲಿ ಗಾಳಿ ನೂಕುವವರಿಲ್ಲ. ಒಳಗೆ ಒತ್ತಡ ಕಡಿಮೆ ಇರುವುದರಿಂದ ಹೊರಗೆ ಬಂದ ಗಾಳಿ ಆ ಮೂಲೆಗಳಿಂದ ಮತ್ತೆ ಒಳಕ್ಕೆ ಇಳಿಯುತ್ತದೆ, ಫಿಲ್ಟರಿಗೆ ಹೋಗದೆ ಅಲ್ಲಲ್ಲೇ ಗಿರಕಿ ಹೊಡೆಯುತ್ತದೆ. ಅದಕ್ಕೆ 20 ಇಂಚಿನ ರಟ್ಟಿನಲ್ಲಿ ರೆಕ್ಕೆಯ ವ್ಯಾಸದಷ್ಟೋ ಒಂದು ಬೆರಳು ಕಡಿಮೆಯೋ ಇರುವ ಗುಂಡಗಿನ ಕಿಂಡಿ ಕತ್ತರಿಸಿ ಫ್ಯಾನಿನ ಮೇಲ್ಮುಖಕ್ಕೆ ಅಂಟಿಸಿ. ಸಾಧಾರಣವಾಗಿ ಇದು 14ರಿಂದ 15 ಇಂಚು ಬರುತ್ತದೆ. ನಿಮ್ಮ ಫ್ಯಾನಿನ ರೆಕ್ಕೆ ಅಳೆದೇ ಕತ್ತರಿಸಿ. ಒಂದು ತುಂಡು ರಟ್ಟು, ಖರ್ಚು ಸೊನ್ನೆ, ಗಾಳಿ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ.

ಪರೀಕ್ಷೆಗೆ ಟಿಶ್ಯೂ ಕಾಗದದ ತೆಳ್ಳನೆ ಪಟ್ಟಿ ಹಿಡಿದು ಟೇಪ್ ಹಚ್ಚಿದ ಗೆರೆಗಳ ಉದ್ದಕ್ಕೂ ಸರಿಸಿ. ಎಲ್ಲಿ ಒಳಕ್ಕೆ ಸೆಳೆಯುತ್ತದೋ ಅಲ್ಲಿ ಸಂದು ಉಳಿದಿದೆ. ಪೆಟ್ಟಿಗೆಯನ್ನು ಗೋಡೆ, ಪರದೆ, ಮಂಚಗಳಿಂದ ಒಂದಡಿ ದೂರ ಇಡಿ. ನಾಲ್ಕೂ ಕಡೆಯಿಂದ ಅದು ಗಾಳಿ ಎಳೆದುಕೊಳ್ಳಬೇಕು. ಮೇಲೆ ಒಗೆದ ಬಟ್ಟೆ ಹರಡುವವರೂ ಇದ್ದಾರೆ, ಹಿರಿಯರಿಗೆ ಮೊದಲೇ ಹೇಳಿಡಿ. ಹಳೆಯ ಫ್ಯಾನ್ ಬೇಡ. 2012ರ ನಂತರದ, ಯುಎಲ್ ಎಂಬ ಸುರಕ್ಷತಾ ಪರೀಕ್ಷೆಯ ಗುರುತು ಇರುವ, ಪ್ಲಗ್ಗಿನಲ್ಲೇ ಫ್ಯೂಸ್ ಇರುವ ಫ್ಯಾನ್ ಇರಲಿ. ಎಕ್ಸ್‌ಟೆನ್ಷನ್ ವೈರಿಗೆ ಚುಚ್ಚದೆ ನೇರ ಗೋಡೆಯ ಪ್ಲಗ್ಗಿಗೆ ಹಾಕಿ. ಮನೆಯಲ್ಲಿ ಯಾರೂ ಇಲ್ಲದಾಗ ಆರಿಸಿ ಹೋಗುವುದು ಕ್ಷೇಮ.

ಫಿಲ್ಟರ್ ಯಾವಾಗ ಬದಲಿಸಬೇಕು? ಈ ಕಾಗದಗಳ ಎಳೆಗಳಲ್ಲಿ ಸ್ಥಿರವಿದ್ಯುತ್ ತುಂಬಿರುತ್ತಾರೆ, ಸಣ್ಣ ಕಣಗಳನ್ನು ಸೆಳೆದು ಹಿಡಿಯುವುದು ಅದೇ. ಹೊಗೆಯ ಕಣ ಜಿಡ್ಡಿನದು. ಎಳೆಗೆ ಮೆತ್ತಿಕೊಂಡು ಆ ಸೆಳೆತವನ್ನು ಕೊಲ್ಲುತ್ತದೆ. ಹಾಗಾಗಿ ಗಾಳಿ ಚೆನ್ನಾಗಿ ಬರುತ್ತಿದ್ದರೂ ಶುದ್ಧವಾಗುವುದು ಕಡಿಮೆಯಾಗಿರಬಹುದು. ಎರಡು ಮೂರು ವಾರ ದಟ್ಟ ಹೊಗೆ ತಿಂದ ಫಿಲ್ಟರ್ ಕಂದು ಬಣ್ಣಕ್ಕೆ ತಿರುಗಿದ್ದರೆ ಎಸೆಯಿರಿ. ತೊಳೆದು ಒಣಗಿಸಿ ಮತ್ತೆ ಹಾಕುವುದು ನಮ್ಮವರ ಸಹಜ ಬುದ್ಧಿ. ಇಲ್ಲಿ ಮಾತ್ರ ಬೇಡ, ನೀರು ಬಿದ್ದರೆ ಉಳಿದ ಸೆಳೆತವೂ ಹೋಗುತ್ತದೆ. ಫ್ಯಾನ್ ಹಾಗೇ ಉಳಿಯುತ್ತದೆ, ಹೊಸ ನಾಲ್ಕು ಫಿಲ್ಟರ್ ಕಟ್ಟಿದರಾಯಿತು.

ಮನೆಯ ಎಸಿ

ನಡುಮನೆಯ ಗೋಡೆಯ ಮೇಲಿನ ಥರ್ಮೋಸ್ಟ್ಯಾಟಿನಲ್ಲಿ ಫ್ಯಾನಿಗೆ ಆಟೋ, ಆನ್ ಎಂಬ ಎರಡು ಆಯ್ಕೆ ಇರುತ್ತವೆ. ಆಟೋದಲ್ಲಿ ತಂಪು ಬೇಕಾದಾಗ ಮಾತ್ರ ಗಾಳಿ ಓಡುತ್ತದೆ; ಹೊಗೆಯ ದಿನ ಆನ್ ಮಾಡಿ, ಗಾಳಿ ಸದಾ ಫಿಲ್ಟರ್ ಮೂಲಕ ತಿರುಗಲಿ. ಅಲ್ಲೂ ಮರ್ವ್ 13 ಹಾಕಬಹುದೇ ಎಂಬುದನ್ನು ಹೊಗೆ ಬರುವ ಮೊದಲೇ ನೋಡಿಕೊಳ್ಳಿ. ಒಂದು ಇಂಚಿನ ಗೂಡು ಮಾತ್ರ ಇರುವ ಹಳೆಯ ಯಂತ್ರ ಮರ್ವ್ 13ಕ್ಕೆ ಏದುಸಿರು ಬಿಡುತ್ತದೆ: ಕಿಂಡಿಗಳಲ್ಲಿ ಗಾಳಿ ಸಣ್ಣಗಾಗುತ್ತದೆ, ಒಳಗಿನ ತಂಪು ಸುರುಳಿಯ ಮೇಲೆ ಮಂಜು ಕಟ್ಟುತ್ತದೆ. ಹಾಗಾದರೆ ಮರ್ವ್ 11ಕ್ಕೆ ಇಳಿಸಿ, ಉಳಿದದ್ದನ್ನು ಪೆಟ್ಟಿಗೆಗೆ ಬಿಡಿ.

ಹೊರಗಿನ ಗಾಳಿ ಎಳೆಯುವ ಕಿಂಡಿ ಇದ್ದರೆ ಮುಚ್ಚಿಸಿ. ಕಿಟಕಿ ಎಸಿಯಲ್ಲಿ ಹೊರಗಾಳಿಯ ಸಣ್ಣ ಕೋಲು ಮುಚ್ಚಿದ ಕಡೆಗಿರಲಿ. ಒಂದೇ ಕೊಳವೆಯ ಚಕ್ರದ ಎಸಿ ಕೋಣೆಯ ಗಾಳಿಯನ್ನೇ ಹೊರಗೆ ಊದಿ ಅಷ್ಟೇ ಹೊಗೆ ಒಳಗೆ ಎಳೆಯುತ್ತದೆ, ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಪೆಟ್ಟಿಗೆಯನ್ನು ಜೋರಾಗಿ ಓಡಿಸುತ್ತ ಬಳಸಿ. ನೀರಿನ ಕೂಲರ್ ಕೆಲಸ ಮಾಡುವುದೇ ಹೊರಗಾಳಿಯಿಂದ. ಹೊಗೆಯ ದಿನ ಅದು ನಿಲ್ಲಲೇಬೇಕು.

ಸ್ಯಾಕ್ರಮೆಂಟೊದವರಿಗೆ ಒಂದು ವಿಶೇಷ ಎಚ್ಚರಿಕೆ. ಸಂಜೆ ನದೀಮುಖದ ಕಡೆಯಿಂದ ಬರುವ ಡೆಲ್ಟಾ ಬ್ರೀಜ್‌ಗೆ ಕಿಟಕಿ ತೆಗೆದು, ಮನೆಯ ಗಾಳಿಯನ್ನೆಲ್ಲ ಅಟ್ಟದ ಮೂಲಕ ಹೊರಹಾಕುವ ಚಾವಣಿಯ ಹೋಲ್ ಹೌಸ್ ಫ್ಯಾನ್ ಹಾಕಿ ಮನೆ ತಂಪು ಮಾಡುವುದು ಅಲ್ಲಿನ ರೂಢಿ. ಹೊಗೆಯ ದಿನ ಆ ಫ್ಯಾನ್ ಹತ್ತೇ ನಿಮಿಷದಲ್ಲಿ ಹಗಲಿಡೀ ಮಾಡಿದ ಕೆಲಸವನ್ನು ತೊಳೆದುಹಾಕುತ್ತದೆ. ಗಾಳಿ ತಂಪಾಗಿದೆ ಎಂದು ತೆರೆಯಬೇಡಿ, ಗಾಳಿಯಲ್ಲಿರುವ ಕಣದ ಅಂಕಿ ನೋಡಿ ತೆರೆಯಿರಿ. ಹೊರಗಿನ ಅಂಕಿ ಒಳಗಿನದಕ್ಕಿಂತ ಕೆಳಗಿಳಿದರೆ ಆಗ ಧಾರಾಳವಾಗಿ ಎಲ್ಲ ತೆರೆದು ಮನೆಗೆ ಗಾಳಿಯಾಡಿಸಿ. ಎಸಿ ಇಲ್ಲದೆ ಒಳಗೆ ಬೇಯುವಂಥ ಸೆಕೆ ಇದ್ದರೆ ಮಾತ್ರ ಲೆಕ್ಕ ಬೇರೆ: ಹಿರಿಯರಿಗೆ ಬಿಸಿಲಿನ ತಾಪ ಹೊಗೆಗಿಂತ ಬೇಗ ಅಪಾಯ ತರುತ್ತದೆ. ಅವರನ್ನು ಎಸಿ ಇರುವ ಲೈಬ್ರರಿಗೋ, ಸ್ಥಳೀಯ ಆಡಳಿತ ತೆರೆಯುವ ಶುದ್ಧ ಗಾಳಿಯ ಕೇಂದ್ರಕ್ಕೋ ಕರೆದೊಯ್ಯಿರಿ. ಕಾರಿನಲ್ಲಿ ಒಳಗಾಳಿ ತಿರುಗಿಸುವ ಗುಂಡಿ ಒತ್ತಿ.

ನಾವೇ ಹಚ್ಚುವ ಹೊಗೆ

ಇದನ್ನು ಹೇಳಿದರೆ ಬೇಸರ ಮಾಡಿಕೊಳ್ಳುವವರಿದ್ದಾರೆ, ಆದರೂ ಹೇಳಬೇಕು. ಮುಚ್ಚಿದ ಮನೆಯಲ್ಲಿ ಒಂದು ಜೋರು ಒಗ್ಗರಣೆ, ಒಂದು ಬಾಣಲೆ ಕರಿದದ್ದು, ಎರಡು ಊದಿನಕಡ್ಡಿ, ಇವು ಕೆಲವೇ ನಿಮಿಷದಲ್ಲಿ ಒಳಗಿನ ಅಂಕಿಯನ್ನು ಹೊರಗಿನದಕ್ಕಿಂತ ಮೇಲೆ ಒಯ್ಯಬಲ್ಲವು. ಹೊಗೆಯ ದಿನಗಳಲ್ಲಿ ಕುಕ್ಕರ್, ಇಡ್ಲಿ ಪಾತ್ರೆ, ರೈಸ್ ಕುಕ್ಕರ್, ಇಂಡಕ್ಷನ್ ಒಲೆಯ ಅಡುಗೆ ಸಾಕು. ಗಣೇಶನಿಗೆ ಕರಿಗಡುಬಿನ ಬದಲು ಹಬೆಯ ಕಡುಬು ಸಲ್ಲುತ್ತದೆ. ಗ್ಯಾಸ್ ಒಲೆ ಹಚ್ಚಲೇಬೇಕಾದರೆ ಅದರ ಅನಿಲ ಹೋಗಲು ಚಿಮಣಿ ಹಾಕಿ, ಅಡುಗೆ ಮುಗಿದ ಕೂಡಲೇ ಆರಿಸಿ. ಒಂದು ಪೆಟ್ಟಿಗೆ ಅಡುಗೆಮನೆಯ ಬಾಗಿಲಲ್ಲಿ ಓಡುತ್ತಿರಲಿ. ದೇವರ ಮುಂದೆ ಸಣ್ಣ ಬತ್ತಿಯ ಒಂದು ದೀಪ ಇರಲಿ. ಊದಿನಕಡ್ಡಿ, ಧೂಪ ಬೇಡ. ಕರ್ಪೂರವಂತೂ ಮಸಿಯನ್ನೇ ಉಗುಳುತ್ತದೆ.

ಬಾಣಂತಿ ಮನೆಗಳ ವಿಚಾರದಲ್ಲಿ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಎಣ್ಣೆಸ್ನಾನವಾದ ಮೇಲೆ ತಾಯಿಗೂ ಮಗುವಿಗೂ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ಕೊಡುವ ಪದ್ಧತಿಯನ್ನು ಅಜ್ಜಿಯರು ಪ್ರೀತಿಯಿಂದ ಮಾಡುತ್ತಾರೆ. ತೊಟ್ಟಿಮನೆಯಲ್ಲಿ ಅದು ಮೇಲಕ್ಕೆ ಹೋಗುತ್ತಿತ್ತು. ಟೇಪ್ ಹಚ್ಚಿ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣ ವಾಸನೆ ಇಲ್ಲ, ಯಾವ ಫಿಲ್ಟರಿಗೂ ಸಿಗುವುದಿಲ್ಲ, ಜೀವವನ್ನೇ ತೆಗೆಯಬಲ್ಲದು. ತಲೆ ಆರಿಸಲು ಹೇರ್ ಡ್ರೈಯರ್ ಇದೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಮನೆಯಲ್ಲಿದೆಯೇ, ಅದರ ಬ್ಯಾಟರಿ ನಡೆಯುತ್ತಿದೆಯೇ ನೋಡಿ. ಬೆಂಕಿಯ ಭಯಕ್ಕೆ ವಿದ್ಯುತ್ ಕಂಪನಿ ಲೈನ್ ಕಡಿದಾಗ ಜನರೇಟರನ್ನು ಗ್ಯಾರೇಜಿನಲ್ಲಿ, ಬಾಗಿಲು ತೆರೆದಿಟ್ಟರೂ ಸಹ, ಹಚ್ಚಬೇಡಿ. ಮನೆಯಿಂದ 20 ಅಡಿ ಆಚೆ.

ಬೂದಿ ಬಿದ್ದ ಮೇಲೆ ಪೊರಕೆ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹೆಪಾ ಇಲ್ಲದ ವ್ಯಾಕ್ಯೂಮ್ ಕ್ಲೀನರ್ ಒಂದು ಕಡೆ ಎಳೆದದ್ದನ್ನು ಇನ್ನೊಂದು ಕಡೆ ಊದುತ್ತದೆ.

ಹಬ್ಬದ ಹಾಲ್

ಹಾಲ್ 3,000 ಚದರಡಿ, ಚಾವಣಿ 12 ಅಡಿ ಎನ್ನೋಣ. 36,000 ಘನ ಅಡಿ. ಗಂಟೆಗೆ ಐದು ಸಲ ತೊಳೆಯಲು 1,80,000, ಅಂದರೆ ನಿಮಿಷಕ್ಕೆ 3,000 ಘನ ಅಡಿ. ಪೆಟ್ಟಿಗೆಗೆ 400ರಂತೆ ಎಂಟು ಬೇಕು. ನೀವು ಮಾಡಬೇಕೆಂದಿರುವ ಹತ್ತು ಹದಿನೈದರಲ್ಲೇ ಇದು ಬಂತು. ಎಂಟನ್ನೂ ವೇದಿಕೆಯ ಹಿಂದೆ ಸಾಲಾಗಿ ಇಡಬೇಡಿ. ಜನ ಕೂರುವ ಕಡೆ ಹರಡಿ, ಎರಡನ್ನು ಬಾಗಿಲ ಬಳಿ ಇಡಿ. ಒಂದೊಂದು ಫ್ಯಾನ್ ಒಂದು ಆಂಪಿಯರಿನೊಳಗೇ ಇರುತ್ತದೆ, ಹಾಗಾಗಿ ಬೇರೆಬೇರೆ ಪ್ಲಗ್ಗಿನಲ್ಲಿ ಹಂಚಿದರೆ ವಿದ್ಯುತ್ತಿನ ತೊಂದರೆ ಇಲ್ಲ. ತೊಂದರೆ ಸದ್ದಿನದು: ಮೈಕ್ ಇದ್ದಾಗ ಯಾರೋ ಬಂದು ಆರಿಸುತ್ತಾರೆ. ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲೇ ಜೋರಾಗಿ ಓಡಿಸಿ ತಿಳಿ ಮಾಡಿಕೊಂಡು, ಜನ ಬಂದ ಮೇಲೆ ನಡುವಿನ ವೇಗಕ್ಕೆ ಇಳಿಸಿ. ಗುಂಡಿಯ ಮೇಲೆ ಆರಿಸಬೇಡಿ ಎಂದು ಚೀಟಿ ಅಂಟಿಸಿ.

ಕಟ್ಟಡ ನೋಡಿಕೊಳ್ಳುವವರಿಗೆ ಎರಡು ಪ್ರಶ್ನೆ ಮೊದಲೇ ಕೇಳಿಡಿ: ಚಾವಣಿಯ ಯಂತ್ರದಲ್ಲಿ ಮರ್ವ್ 13 ಇದೆಯೇ? ಹೊರಗೆ ತಂಪಿದ್ದಾಗ ತಾನಾಗಿ ಹೊರಗಾಳಿಯ ಬಾಗಿಲು ತೆರೆಯುವ ಎಕನಾಮೈಜರ್ ಅನ್ನು ಹೊಗೆಯ ದಿನ ಕನಿಷ್ಠ ಮಟ್ಟದಲ್ಲಿ ನಿಲ್ಲಿಸಬಹುದೇ? ಕನಿಷ್ಠ ಎಂದೆ, ಪೂರ್ತಿ ಮುಚ್ಚಲು ಹೇಳಲಿಲ್ಲ. ನೂರೈವತ್ತು ಜನ ಕೂತ ಹಾಲ್‌ಗೆ ಹೊಸ ಗಾಳಿ ಬೇಕು. ಅದೂ ಅಲ್ಲದೆ ಅಡುಗೆಮನೆ, ಶೌಚಾಲಯಗಳ ಎಗ್ಸಾಸ್ಟ್ ಓಡುತ್ತಿದ್ದು ಹೊರಗಾಳಿಯ ಕಿಂಡಿ ಪೂರ್ತಿ ಮುಚ್ಚಿದರೆ ಇಡೀ ಕಟ್ಟಡ ಹೀರತೊಡಗುತ್ತದೆ; ಫಿಲ್ಟರ್ ಮೂಲಕ ಬರಬೇಕಾದ ಗಾಳಿ ಬಾಗಿಲ ಸಂದಿಯಿಂದ ಸೋಸದೆ ಬರುತ್ತದೆ. ಒಂದು ಕಾರ್ಬನ್ ಡೈಆಕ್ಸೈಡ್ ಮೀಟರ್ ಇಟ್ಟು, ಅದು 1,200 ಪಿಪಿಎಂ ದಾಟುತ್ತ ಹೋದರೆ ಜನ ಕಡಿಮೆ ಮಾಡುವುದೋ ಕಿಂಡಿ ಸ್ವಲ್ಪ ತೆಗೆಸುವುದೋ ನೋಡಿ. ಓಡಾಟಕ್ಕೆ ಒಂದೇ ಬಾಗಿಲು, ಉಳಿದವು ಬೀಗ ಹಾಕದೆ ಮುಚ್ಚಿರಲಿ. ಹೋಮ ಇಟ್ಟುಕೊಂಡಿದ್ದರೆ ಮುಂದಕ್ಕೆ ಹಾಕಿ. ಇದರಲ್ಲಿ ರಾಜಿ ಇಲ್ಲ. ಹೊರಗೆ ಅಪಾಯದ ಮಟ್ಟ ಮುಟ್ಟಿದ್ದರೆ ಹಬ್ಬವನ್ನೇ ಮುಂದೂಡಿ.

ಯಾವ ಅಂಕಿ ನಂಬಬೇಕು

ಊರಿನಿಂದ ಬಂದವರಿಗೆ ಇಲ್ಲೊಂದು ಗೊಂದಲ ಕಾದಿರುತ್ತದೆ. ಗಾಳಿಯ ಗುಣಮಟ್ಟ ಹೇಳುವ ಸೂಚ್ಯಂಕಕ್ಕೆ ಎಕ್ಯೂಐ ಎಂಬ ಹೆಸರು ಒಂದೇ, ಭಾರತದ ಅಳತೆಗೋಲು ಬೇರೆ, ಅಮೆರಿಕದ್ದು ಬೇರೆ. ಪಿಎಂ 2.5, ಅಂದರೆ 2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣ, ಘನ ಮೀಟರಿಗೆ 60 ಮೈಕ್ರೋಗ್ರಾಂ ಇದ್ದರೆ ಭಾರತದಲ್ಲಿ ಎಕ್ಯೂಐ 100, ಸಮಾಧಾನಕರ ಎನ್ನುವ ಮಟ್ಟದ ಕೊನೆ. 2024ರಲ್ಲಿ ಬದಲಾದ ಅಮೆರಿಕದ ಅಳತೆಯಲ್ಲಿ ಅದೇ 60 ಎಂದರೆ ಎಕ್ಯೂಐ 150 ದಾಟಿ, ಎಲ್ಲರಿಗೂ ಅನಾರೋಗ್ಯಕರ. ಬೆಂಗಳೂರಲ್ಲಿ ನೂರು ನೋಡಿದ್ದೇವೆ, ಇದೇನು ಮಹಾ ಎಂದು ಅಪ್ಪ ಬೆಳಗಿನ ವಾಕಿಂಗಿಗೆ ಹೊರಡುವುದು ಹೀಗೆ. ಹೋಲಿಸುವುದಾದರೆ ಮೈಕ್ರೋಗ್ರಾಂನಲ್ಲಿ ಹೋಲಿಸಿ. ಕೋಣೆಯೊಳಗೆ 9ರ ಕೆಳಗಿದ್ದರೆ ಅಮೆರಿಕದ ಅಳತೆಯಲ್ಲಿ ಒಳ್ಳೆಯದು. ಕೆಟ್ಟ ದಿನ 35ರೊಳಗೆ ಇಟ್ಟುಕೊಂಡರೂ ನಿಮ್ಮ ಏರ್ಪಾಡು ಕೆಲಸ ಮಾಡುತ್ತಿದೆ.

ಹೊರಗಿನದಕ್ಕೆ ಅಮೆರಿಕ ಸರ್ಕಾರದ ಏರ್‌ನೌ ಜಾಲತಾಣದ ಬೆಂಕಿ ಮತ್ತು ಹೊಗೆಯ ನಕ್ಷೆ ನೋಡಿ. ಪರ್ಪಲ್ ಏರ್‌ನಂಥ ಅಗ್ಗದ ಸೆನ್ಸರುಗಳು ಹೊಗೆಯನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಏರ್‌ನೌ ನಕ್ಷೆ ಆ ತಿದ್ದುಪಡಿ ಮಾಡಿಯೇ ಕೊಡುತ್ತದೆ. ಒಳಗೆ ಒಂದು ಸಣ್ಣ ಪಿಎಂ 2.5 ಮೀಟರ್ ಇಟ್ಟರೆ ವಾದವೇ ಉಳಿಯುವುದಿಲ್ಲ. ಒಗ್ಗರಣೆ ಹಾಕಿದಾಗ ಏರುವುದನ್ನೂ ಪೆಟ್ಟಿಗೆ ಹಚ್ಚಿದಾಗ ಇಳಿಯುವುದನ್ನೂ ಅಜ್ಜಿಯೇ ನೋಡಲಿ. ಕೂಟದಲ್ಲಿ ಮೂರು ನಾಲ್ಕು ಮೀಟರ್ ಕೊಂಡು ಮನೆಯಿಂದ ಮನೆಗೆ ದಾಟಿಸಿ.

ಕೂಟದ ಕ್ಯಾಲೆಂಡರ್

ಆಕಾಶ ಕೆಂಪಾದ ಮೇಲೆ ಫಿಲ್ಟರ್ ಹುಡುಕುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಹೊಗೆ ಬಂದ ವಾರ ಅಂಗಡಿಗಳಲ್ಲಿ 20 ಇಂಚಿನ ಮರ್ವ್ 13 ಸಿಗುವುದಿಲ್ಲ. ಮೇ ಅಥವಾ ಜೂನಿನಲ್ಲಿ ಡಬ್ಬಿಗಟ್ಟಲೆ ಕೊಳ್ಳಿ, ಪೆಟ್ಟಿಗೆಗೆ ನಾಲ್ಕು ನಾಲ್ಕರ ಎರಡು ಕಂತೆಯಂತೆ. ಒಂದು ಶನಿವಾರ ಕೂಡಿ ಕಟ್ಟಿ. ಇಬ್ಬರು ಕೂತರೆ ಒಂದಕ್ಕೆ ಅರ್ಧ ಗಂಟೆ. ಹಂಚುವಾಗ ಮೊದಲು ಕೇಳಿದವರಿಗೆ ಕೊಡಬೇಡಿ. ಬಾಣಂತಿ, ಎರಡು ವರ್ಷದೊಳಗಿನ ಮಗು, ಉಬ್ಬಸ, ಹೃದಯದ ಕಾಯಿಲೆ, ಎಸಿ ಇಲ್ಲದ ಬಾಡಿಗೆ ಮನೆ, ಇವರ ಪಟ್ಟಿ ಮೊದಲು ಮಾಡಿ. ಕೂಟದ ಸದಸ್ಯರಲ್ಲದ, ವಾಟ್ಸ್ಆ್ಯಪ್ ಗುಂಪಿನಲ್ಲಿಲ್ಲದ ಕನ್ನಡದವರೂ ಅಕ್ಕಪಕ್ಕದ ಮನೆಯವರೂ ಆ ಪಟ್ಟಿಯಲ್ಲಿರಲಿ.

ಹಿರಿಯರು ಊರಿನಿಂದ ಹೊರಡುವ ಮೊದಲೇ ಇನ್ಹೇಲರ್ ಹೆಚ್ಚಿಗೆ ತರಲು, ವೈದ್ಯರ ಚೀಟಿಯೊಂದಿಗೆ, ಹೇಳಿ. ನಮ್ಮಲ್ಲಿ ಸಾಲ್ಬುಟಮಾಲ್ ಎನ್ನುವುದನ್ನೇ ಅಮೆರಿಕದಲ್ಲಿ ಆಲ್ಬುಟೆರಾಲ್ ಎನ್ನುತ್ತಾರೆ. ಔಷಧಿ ಅಂಗಡಿಯಲ್ಲಿ ಹಳೆಯ ಹೆಸರು ಹೇಳಿ ಒದ್ದಾಡುವುದು ತಪ್ಪುತ್ತದೆ. ಹೊರಹೋಗಲೇಬೇಕಾದರೆ ಎನ್95 ಮಾಸ್ಕ್, ಎರಡು ಪಟ್ಟಿಯದು, ಒಂದು ತಲೆಯ ಮೇಲ್ಭಾಗಕ್ಕೆ ಒಂದು ಕುತ್ತಿಗೆಗೆ. ಬಟ್ಟೆಯ ಮಾಸ್ಕ್, ಸರ್ಜಿಕಲ್ ಮಾಸ್ಕ್ ಹೊಗೆಗೆ ಸಾಲವು. ಗಡ್ಡ ಇದ್ದರೆ ಎನ್95 ಕೂಡ ಮುಖಕ್ಕೆ ಕೂರುವುದಿಲ್ಲ. ಎರಡು ವರ್ಷದೊಳಗಿನ ಮಗುವಿಗೆ ಮಾಸ್ಕ್ ಬೇಡವೇ ಬೇಡ. ಎದೆನೋವು, ಮಾತಾಡಲಾಗದಷ್ಟು ಏದುಸಿರು, ತುಟಿ ನೀಲಿಯಾಗುವುದು ಕಂಡರೆ ಯಾವ ಪೆಟ್ಟಿಗೆಯನ್ನೂ ನೆಚ್ಚದೆ 911ಕ್ಕೆ ಕರೆ ಮಾಡಿ.

ಪ್ರತಿ ಪೆಟ್ಟಿಗೆಯ ತಳದ ರಟ್ಟಿನ ಮೇಲೆ ಫಿಲ್ಟರ್ ಹಾಕಿದ ದಿನಾಂಕ, ಎಷ್ಟು ದಿನ ಹೊಗೆಯಲ್ಲಿ ಓಡಿತು, ಯಾರ ಮನೆಯಲ್ಲಿದೆ ಎಂದು ಮಾರ್ಕರಿನಲ್ಲಿ ಬರೆದಿಡಿ. ಅಲ್ಲಿನ ಚಳಿಗಾಲದ ಮಳೆ ಶುರುವಾದ ಮೇಲೆ ವಾಪಸು ಪಡೆದು, ಟೇಪ್ ಕತ್ತರಿಸಿ ಬಳಸಿದ ಫಿಲ್ಟರ್ ಬಿಡಿಸಿ ಕಸದ ಚೀಲದಲ್ಲಿ ಕಟ್ಟಿ ಎಸೆದು, ರೆಕ್ಕೆಯ ಧೂಳು ಒರೆಸಿ ಫ್ಯಾನುಗಳನ್ನು ಒಬ್ಬರ ಗ್ಯಾರೇಜಿನಲ್ಲಿ ಒಟ್ಟಿಡಿ. ಕಿಂಡಿ ಕತ್ತರಿಸಿದ ರಟ್ಟನ್ನು ಎಸೆಯಬೇಡಿ, ಮುಂದಿನ ವರ್ಷ ಮತ್ತೆ ಅಳೆಯುವ ಕೆಲಸ ತಪ್ಪುತ್ತದೆ.